ಗಂಟೆ ಮಾವನ ಮೇಕೆ

ನಮ್ಮ ಸ್ಟೇಷನ್ ಮುಚ್ಚಿದ ದಿನ ಗಣಿ ಕಂಪನಿಯ ದೊಡ್ಡ ಸಾಹೇಬರೊಬ್ಬರು ಪ್ಲಾಟ್‌ಫಾರಂ ಮೇಲೆ ನಿಂತು ಅದರ ಚರಿತ್ರೆ ಓದಿದರು. ಹಳಿ ಯಾವಾಗ ಬಂತು, ಕಟ್ಟಡ ಯಾವಾಗ ಎದ್ದಿತು, ಇಲ್ಲಿಂದ ಎಷ್ಟು ಲಕ್ಷ ಟನ್ ಅದಿರು ಹೋಯಿತು, ಎಲ್ಲ ಇತ್ತು. ನಮ್ಮ ಮಾವನ ಸುದ್ದಿ ಮಾತ್ರ ಇರಲಿಲ್ಲ. ಮಾವ ನನ್ನ ಪಕ್ಕದಲ್ಲೇ ಕಬ್ಬಿಣದ ಬೆಂಚಿನ ಮೇಲೆ ಕೋಲೂರಿ ಕೂತಿದ್ದ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ.

"ಒಂದ್ ಮಾತು ಹೇಳಿದ್ರೆ ಇವರಪ್ಪನ ಮನೆ ಗಂಟೇನು ಹೋಗ್ತಿತ್ತು?" ಎಂದು ಗೊಣಗಿದೆ.

"ಸುಮ್ನಿರು ಪುಟ್ಟಿ. ಗಂಟೆ ಹೊಡೆಯೋನ ಸುದ್ದಿ ಕಟ್ಕೊಂಡು ಅವರಿಗೇನಾಗ್ಬೇಕು?" ಎಂದ ಮಾವ.

ಅವರಿಗೆ ಬೇಡವಾದರೆ ಬೇಡ. ನನಗೆ ಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ರೈಲು ಹಳಿ ನಮ್ಮೂರಿಗೆ ಬಂದು ಮುಗಿಯುತ್ತಿತ್ತು. ಮುಂದೆ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಗಣಿ. ಇನ್ನೊಂದು ಊರಿನ ಮುಖ ನೋಡಬೇಕಾದರೆ ಅರ್ಧ ದಿನ ರೈಲಿನಲ್ಲಿ ಕೂರಬೇಕಿತ್ತು. ಮರವಿಲ್ಲ, ಹುಲ್ಲಿಲ್ಲ. ಒಗೆದು ಹಾಕಿದ ಬಿಳಿ ಅಂಗಿ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನಮ್ಮಲ್ಲಿ ಕೈಗೂ ಧೂಳು, ಬಾಯಿಗೂ ಧೂಳು. ಆದರೂ ಹೊಟ್ಟೆಪಾಡು ಕೇಳಬೇಕಲ್ಲ, ಜನ ಬರುತ್ತಲೇ ಇದ್ದರು.

ಮಾವ ಬಂದದ್ದು ಹಳಿ ಹಾಕುವ ಗ್ಯಾಂಗಿನ ಜೊತೆ, ಹೆಗಲ ಮೇಲೆ ಮರದ ದಿಮ್ಮಿ ಹೊತ್ತುಕೊಂಡು. ಆಗ ಇಲ್ಲಿ ಸ್ಟೇಷನ್ ಅಂತ ಇದ್ದದ್ದು ಚಕ್ರ ಕಳಚಿ ನೆಲದ ಮೇಲೆ ಕೂರಿಸಿದ ಒಂದು ಹಳೇ ವ್ಯಾಗನ್. ಅದರ ಒಂದು ಬಾಗಿಲಿನಲ್ಲಿ ಟಿಕೆಟ್ ಕೊಡುತ್ತಿದ್ದರು, ಇನ್ನೊಂದು ಬಾಗಿಲಿನಲ್ಲಿ ಸ್ಟೇಷನ್ ಮಾಸ್ತರರ ಲುಂಗಿ ಒಣಗುತ್ತಿತ್ತು. ಕೊನೆಯ ಹಳಿ ಹಾಕುವ ದಿನ ಮಾವನ ಕಾಲ ಮೇಲೆ ದಿಮ್ಮಿ ಬಿತ್ತು. ಗ್ಯಾಂಗು ಮುಂದಿನ ಕೆಲಸಕ್ಕೆ ಹೊರಟುಹೋಯಿತು, ಇವನು ಉಳಿದ. ಕತ್ತರಿಸಿ ಉಳಿದಿದ್ದ ಒಂದು ಮೊಳದ ಹಳಿ ತುಂಡನ್ನು ಮಾಸ್ತರರು ಕಂಬಕ್ಕೆ ನೇತುಹಾಕಿಸಿದರು. ಅದನ್ನು ಹೊಡೆಯಲು ಉಳಿದಿದ್ದ ಈ ಮನುಷ್ಯನನ್ನೇ ಇಟ್ಟುಕೊಂಡರು. ರೈಲು ಬಯಲ ನಡುವಿನ ಹಿಂದಿನ ಸ್ಟೇಷನ್ ಬಿಟ್ಟಿತೆಂದರೆ ಎರಡು ಪೆಟ್ಟು, ಇಲ್ಲಿಂದ ಹೊರಡುವಾಗ ಮೂರು. ಅಷ್ಟೇ ಕೆಲಸ. ಕುಂಟುತ್ತಾ ಹೋಗಿ ಹೊಡೆದು ಕುಂಟುತ್ತಾ ಬರುತ್ತಿದ್ದ. ಊರಿಗೆಲ್ಲ ಅವನು ಗಂಟೆ ಮಾವನಾದ.

ಒಂದು ಪೆಟ್ಟು ಎಂಬುದು ಯಾವ ನಿಯಮದಲ್ಲೂ ಇರಲಿಲ್ಲ. ಅದು ಹುಟ್ಟಿದ್ದು ಹೀಗೆ. ಗಣಿಯ ಬಾಯಿ ಗುಡ್ಡದ ಆಚೆ ಮಗ್ಗುಲಲ್ಲಿತ್ತು, ಅಲ್ಲಿ ಏನೇ ಆದರೂ ಊರಿಗೆ ಕೇಳಿಸುತ್ತಿರಲಿಲ್ಲ. ಗಣಿಯಿಂದ ಊರಿಗೆ ಇದ್ದದ್ದು ಒಂದೇ ಫೋನು, ಅದೂ ಸ್ಟೇಷನ್ ಮಾಸ್ತರರ ಮೇಜಿನ ಮೇಲೆ. ಮೊದಲನೇ ಸಲ ಒಳಗೆ ಮಣ್ಣು ಕುಸಿದಾಗ ಮಾಸ್ತರರು ಫೋನಿಟ್ಟು ಹೊರಗೆ ಬಂದರು. ಬಾಯಿಂದ ಮಾತು ಹೊರಡದೆ ಹಳಿ ತುಂಡಿನ ಕಡೆ ಕೈ ತೋರಿಸಿದರು. ಮಾವ ಹೋಗಿ ಒಂದು ಹೊಡೆದ. ಎರಡನೆಯದಕ್ಕೆ ಕೈ ಮೇಲೇಳಲಿಲ್ಲ. ಊರು ಎರಡನೇ ಪೆಟ್ಟಿಗೆ ಕಾಯಿತು. ಬರಲಿಲ್ಲ. ಯಾಕೆ ಬರಲಿಲ್ಲವೆಂದು ಕೇಳಲು ಬಂದ ಹೆಂಗಸರಿಗೆ ಉತ್ತರ ಅಲ್ಲೇ ಸಿಕ್ಕಿತು.

ಆಮೇಲೆ ಅದೇ ರೂಢಿಯಾಯಿತು. ಎರಡು ಪೆಟ್ಟಿಗೆ ಯಾರೂ ತಲೆ ಎತ್ತುತ್ತಿರಲಿಲ್ಲ. ಒಂದೇ ಪೆಟ್ಟು ಬಿದ್ದು ನಿಂತಿತೆಂದರೆ ಮಾತ್ರ ಕ್ಷೌರದವನು ಗಿರಾಕಿಯ ಕೆನ್ನೆಯಿಂದ ಕತ್ತಿ ಎತ್ತುತ್ತಿದ್ದ, ಚಹಾದಂಗಡಿಯವನು ರೇಡಿಯೋ ಆರಿಸುತ್ತಿದ್ದ. ಒಮ್ಮೆ ಒಬ್ಬ ಗುಮಾಸ್ತ ಅರ್ಧ ಗಡ್ಡದಲ್ಲೇ ಮೂರು ದಿನ ಓಡಾಡಿದ್ದ. ಕ್ಷೌರದವನ ತಮ್ಮನೇ ಒಳಗೆ ಸಿಕ್ಕಿಕೊಂಡಿದ್ದ. ಯಾರೂ ಆ ಗುಮಾಸ್ತನನ್ನು ನೋಡಿ ನಗಲಿಲ್ಲ.

ಮಾವನಿಗೆ ಮದುವೆಯಾಗಲಿಲ್ಲ. ಹೆಣ್ಣು ಕೊಡಲು ಬಂದವರು ಊರಿನ ಧೂಳು ನೋಡಿ ಬಂದ ರೈಲಿನಲ್ಲೇ ವಾಪಸಾದರು. ಅವನಿಗಿದ್ದವಳು ತಂಗಿ ಒಬ್ಬಳೇ, ನಮ್ಮಮ್ಮ. ಅವಳು ಮಾತು ಕಲಿಯುವ ಮೊದಲೇ ಹೆತ್ತವರು ಹೋಗಿದ್ದರು. ಅಣ್ಣನೇ ಸೊಂಟದ ಮೇಲೆ ಹೊತ್ತು ಸಾಕಿದ್ದ. ಕೆಲಸ ಕಾಯಂ ಆಗಿ ರೈಲ್ವೆ ಕ್ವಾರ್ಟರ್ಸು ಸಿಕ್ಕಿದ ಕೂಡಲೇ ಅವಳನ್ನು ಕರೆಸಿಕೊಂಡ. ಗಣಿಯಲ್ಲಿ ಕಲ್ಲಿಗೆ ರಂಧ್ರ ಕೊರೆಯುವ ಒಬ್ಬ ಒಳ್ಳೇ ಹುಡುಗನನ್ನು ನೋಡಿ ಮದುವೆ ಮಾಡಿದ. ಗಣಿ ಕಾರ್ಮಿಕರ ಕೊಠಡಿಗಳಲ್ಲಿ ಸಂಸಾರ ಮಾಡುವುದು ಬೇಡವೆಂದು ತಂಗಿ, ಭಾವ ಇಬ್ಬರನ್ನೂ ತನ್ನ ಕ್ವಾರ್ಟರ್ಸಿನಲ್ಲೇ ಇಟ್ಟುಕೊಂಡ.

ಆ ಮನೆಗೆ ಒಂದು ಕೋಣೆ, ಒಂದು ಅಡುಗೆಮನೆ. ಮುಂದಿನ ಬಾಗಿಲು ಓಣಿಗೆ, ಹಿಂದಿನ ಬಾಗಿಲು ನೇರ ಹಳಿಗೆ. ಅದಿರಿನ ಗಾಡಿ ಹೋಗುವಾಗ ಗೋಡೆ ನಡುಗಿ ಅಟ್ಟಣೆಯ ಮೇಲಿನ ಪಾತ್ರೆಗಳು ಚೂರುಚೂರೇ ಅಂಚಿಗೆ ಬರುತ್ತಿದ್ದವು. ಅಮ್ಮ ದಿನಾ ಬೆಳಿಗ್ಗೆ ಎದ್ದು ಮೊದಲು ಅವನ್ನೆಲ್ಲ ಒಳಕ್ಕೆ ತಳ್ಳುತ್ತಿದ್ದಳು. "ಇವಕ್ಕೂ ಈ ಊರು ಬೇಡ ನೋಡು, ಓಡಿಹೋಗ್ತಿವೆ," ಎಂದು ಮಾವ ನಗುತ್ತಿದ್ದನಂತೆ. ಅವಳೂ ನಗುತ್ತಿದ್ದಳಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ಅವರಿಬ್ಬರೂ ಮಾತಾಡಿದ್ದನ್ನು ನಾನು ಕೇಳಿದ ನೆನಪೇ ನನಗಿಲ್ಲ.

ನನಗೆ ಮೂರು ವರ್ಷ. ಅಮ್ಮ ತುಂಬಿದ ಬಸುರಿ. ಅಪ್ಪ ಹಗಲು ಪಾಳಿಗೆ ಹೋಗಿದ್ದ. ಮಧ್ಯಾಹ್ನ ಖಾಲಿ ವ್ಯಾಗನ್ನುಗಳ ಗಾಡಿ ಬರುವುದಿತ್ತು. ಮಾವ ಎಂದಿನಂತೆ ಎರಡು ಹೊಡೆದು, ಗಾಡಿ ಸ್ಟೇಷನ್ನಿಗೆ ಹತ್ತಿರವಾದಾಗ ಮತ್ತೆ ಎರಡು ಹೊಡೆಯಲು ಹೋದ. ಅದು ಅವನ ಪದ್ಧತಿ, ಹಳಿ ದಾಟುವವರು ಎಚ್ಚರವಾಗಲೆಂದು. ಒಂದು ಹೊಡೆದ. ಅಷ್ಟರಲ್ಲಿ ಗಾಡಿಯ ಎದುರು ಹಳಿಯ ಮೇಲೆ ಒಂದು ಮೇಕೆ ಕಂಡಿತು. ಕೈಯಲ್ಲಿದ್ದ ಕಬ್ಬಿಣದ ಸರಳು ಬಿಸಾಡಿ ಓಡಿದ. ಕುಂಟುಕಾಲಿನವನು ಹಾಗೆ ಓಡಿದ್ದನ್ನು ಯಾರೂ ನೋಡಿರಲಿಲ್ಲ, ಅವತ್ತೂ ನೋಡಲಿಲ್ಲ. ಅದಿರು ತುಂಬಿದ ವ್ಯಾಗನ್ನುಗಳು ನಡುವಿನ ಹಳಿಯಲ್ಲಿ ನಿಂತಿದ್ದವು. ಊರಿಗೆ ಕಾಣಲಿಲ್ಲ, ಕೇಳಿಸಿತು ಅಷ್ಟೇ. ಒಂದೇ ಪೆಟ್ಟು.

ಓಣಿಗಳಿಂದ ಹೆಂಗಸರು ಎದ್ದುಬಿದ್ದು ಓಡಿ ಬಂದರು. ಅಮ್ಮನೂ ಓಡಿದಳು. ನಿಂತಿದ್ದ ವ್ಯಾಗನ್ನುಗಳನ್ನು ದಾಟಲು ಮೇಲ್ಸೇತುವೆ ಹತ್ತಿ, ಇಳಿಯುವಾಗ ಕಾಲು ತಪ್ಪಿ ಮೆಟ್ಟಿಲ ಮೇಲಿಂದ ಉರುಳಿದಳು. ಗಣಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಗಂಡು ಮಗು ಹುಟ್ಟಿತು, ಉಸಿರಾಡಲಿಲ್ಲ. ಇನ್ನು ಮಕ್ಕಳಾಗುವುದಿಲ್ಲ ಎಂದರು. ಸಂಜೆ ಅಪ್ಪ ಊಟದ ಡಬ್ಬಿ ಆಡಿಸುತ್ತಾ ಗಣಿಯ ಪಾಳಿ ಲಾರಿಯಿಂದ ಇಳಿದ. ಅವತ್ತು ಗಣಿಯಲ್ಲಿ ಯಾರ ಮೈಮೇಲೂ ಒಂದು ಗೀರು ಬಿದ್ದಿರಲಿಲ್ಲ.

"ಒಂದ್ ಮೇಕೆಗೋಸ್ಕರ..." ಎಂದ ಅಪ್ಪ, ಆಸ್ಪತ್ರೆಯ ಪಡಸಾಲೆಯಲ್ಲಿ.

ಮಾವ ಒಳಗೆ ಹೋಗಿ ಮಂಚದ ಕಾಲಿನ ಹತ್ತಿರ ನಿಂತು "ತಂಗಿ" ಎಂದ. ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಅಲ್ಲಿಗೆ ಅವನ ಜೊತೆ ಮಾತು ಬಿಟ್ಟಳು.

ಸ್ಟೇಷನ್ನಿನವರು ಮಾವನ ಕೈಯಿಂದ ಗಂಟೆ ಕಿತ್ತು ಇನ್ನೊಬ್ಬನಿಗೆ ಕೊಟ್ಟರು. ಒಂದು ಪೆಟ್ಟಿನ ರೂಢಿಯೂ ನಿಂತಿತು. ಅದರ ಬದಲಿಗೆ ಸ್ಟೇಷನ್ನಿನ ಮಾಡಿನ ಮೇಲೆ ಸೈರನ್ ಕೂರಿಸಿದರು. ಅವನನ್ನು ದೀಪದ ಕೋಣೆಗೆ ಹಾಕಿದರು. ಸಿಗ್ನಲ್ ದೀಪಗಳ ಕಪ್ಪು ಒರೆಸಿ ಸೀಮೆಎಣ್ಣೆ ತುಂಬುವ ಕೆಲಸ. ಮಾವ ತನ್ನ ಹಾಸಿಗೆಯನ್ನೂ ಅಲ್ಲಿಗೇ ಹೊತ್ತುಕೊಂಡು ಹೋದ. ಕ್ವಾರ್ಟರ್ಸು ಅವನದು, ಇದ್ದವರು ನಾವು. ಒಂದು ದಿನವೂ ನಮಗೆ ಮನೆ ಬಿಡಿ ಎನ್ನಲಿಲ್ಲ.

ಊರಿನವರ ಬಾಯಿ ಕೇಳಬೇಕೇ. ಗಂಟೆ ಮಾವ ಹೋಗಿ ಮೇಕೆ ಮಾವ ಆದ. ಅವನು ದೀಪ ಹಿಡಿದುಕೊಂಡು ಬಂದರೆ ಮಕ್ಕಳು ಗೋಡೆಯ ಮರೆಯಿಂದ "ಮ್ಯಾ" ಎನ್ನುತ್ತಿದ್ದರು. ಅವನು ತಿರುಗಿ ನೋಡುತ್ತಿರಲಿಲ್ಲ. ನಾನು ಕೂಗುತ್ತಿರಲಿಲ್ಲ, ಆದರೆ ಕೂಗುವವರನ್ನು ಬೈಯುತ್ತಲೂ ಇರಲಿಲ್ಲ. ನನ್ನ ತಮ್ಮನನ್ನು ಕೊಂದವನು ಎಂಬ ಸಿಟ್ಟು ನನಗೂ ಇತ್ತು.

ಒಬ್ಬ ಕಟುಕ ಮಾತ್ರ ಆ ಮಾತು ಬಂದಾಗಲೆಲ್ಲ ಕೆರಳುತ್ತಿದ್ದ. ನಮ್ಮೂರಿಗೆ ಮೇಕೆಗಳು ಬರುತ್ತಿದ್ದದ್ದು ಅವನ ಅಂಗಡಿಗೇ, ಅದೂ ಗೂಡ್ಸ್ ಗಾಡಿಯಲ್ಲಿ. "ನನ್ ಮೇಕೆ ಎಲ್ಲಾ ಲೆಕ್ಕಕ್ಕೆ ಸರಿಯಾಗಿದ್ವು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಈ ಊರಲ್ಲಿ ಮುಟ್ಟೋಕೆ ಸೊಪ್ಪಾದ್ರೂ ಎಲ್ಲಿದೆ? ಇನ್ಯಾವನು ಸಾಕಿದ್ದ ಮೇಕೆನಾ?" ಎಂದು ಕತ್ತಿ ಮಸೆಯುತ್ತಾ ಕೂಗಾಡುತ್ತಿದ್ದ. ಕಟುಕನ ಮಾತು ಯಾರು ನಂಬುತ್ತಾರೆ. ಮೇಕೆ ಕಳೆದುಕೊಂಡು ಈಗ ಜಾರಿಕೊಳ್ಳುತ್ತಿದ್ದಾನೆ ಎಂದರು ಜನ.

ಅಮ್ಮ ಮಾತು ಬಿಟ್ಟಳೇ ಹೊರತು ಊಟ ಕೊಡುವುದು ಬಿಡಲಿಲ್ಲ. ದಿನಾ ಮಧ್ಯಾಹ್ನ ಅಲ್ಯೂಮಿನಿಯಂ ಡಬ್ಬಿಗೆ ಊಟ ಹಾಕಿ, ಮುಚ್ಚಳ ಒತ್ತಿ, ನನ್ನ ಕೈಗೆ ಕೊಡುತ್ತಿದ್ದಳು. ಯಾರಿಗೆ ಎಂದು ಹೇಳುತ್ತಿರಲಿಲ್ಲ. ನಾನು ಹೋದರೆ ಮಾವ ಕೈಯ ಮಸಿ ಒರೆಸಿಕೊಂಡು ಡಬ್ಬಿ ತೆಗೆದುಕೊಳ್ಳುತ್ತಿದ್ದ.

"ನಿಮ್ಮಮ್ಮ ಏನಾದ್ರೂ ಹೇಳಿದ್ಲಾ?"

"ಏನೂ ಇಲ್ಲ."

"ಆಯ್ತು ಬಿಡು," ಎಂದು ತಿನ್ನಲು ಕೂರುತ್ತಿದ್ದ. ಡಬ್ಬಿಯನ್ನು ಹೊಳೆಯುವ ಹಾಗೆ ತೊಳೆದು ಕೊಡುತ್ತಿದ್ದ. ಅಮ್ಮ ಅದನ್ನು ಮತ್ತೊಮ್ಮೆ ತೊಳೆಯುತ್ತಿರಲಿಲ್ಲ. ನಾನು ಶಾಲೆಗೆ ಹೋಗುವಾಗಲೂ ಇದೇ, ದೊಡ್ಡವಳಾಗಿ ಅದೇ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೆಲಸಕ್ಕೆ ಕೂತಾಗಲೂ ಇದೇ. ಅದೇ ಪ್ರಶ್ನೆ, ಅದೇ ಉತ್ತರ. ಒಮ್ಮೊಮ್ಮೆ ಸುಳ್ಳಾದರೂ ಹೇಳಿಬಿಡೋಣ ಅನ್ನಿಸುತ್ತಿತ್ತು. ಕೇಳಿದಳು, ಹೇಗಿದ್ದಾನೆ ಅಂದಳು, ಎಂದು. ಹೇಳಲಿಲ್ಲ. ಅವನಿಗೆ ಗೊತ್ತಾಗದೆ ಇರುತ್ತಿರಲಿಲ್ಲ.

ದೀಪದ ಕೋಣೆ ನನಗೆ ಮೊದಲಿನಿಂದ ಇಷ್ಟ. ಆ ಸೀಮೆಎಣ್ಣೆ ವಾಸನೆ, ಕಪಾಟಿನಲ್ಲಿ ಜೋಡಿಸಿದ ಕೆಂಪು ಹಸಿರು ಗಾಜು. ನನ್ನ ಬುದ್ಧಿಗೆ ನಿಲುಕುವ ಮೊಟ್ಟಮೊದಲ ನೆನಪೇ ಅದು: ಕೈಯಲ್ಲೊಂದು ಕೆಂಪು ಗಾಜು, ಅದರೊಳಗಿಂದ ಕಾಣುವ ಕೆಂಪು ಬಾಗಿಲು, ಹೊರಗೆ ಜನರ ಗಲಾಟೆ. ಡಬ್ಬಿ ಕೊಡಲು ಹೋದಾಗಿನದು ಇರಬೇಕು ಎಂದುಕೊಂಡಿದ್ದೆ.

ಅಮ್ಮನಿಗೆ ಒಂದು ಹುಚ್ಚಿತ್ತು. ಹಿಂದಿನ ಬಾಗಿಲಿನ ಚಿಲಕ. ಹಗಲಾಗಲಿ ರಾತ್ರಿಯಾಗಲಿ, ಒಲೆಯ ಮೇಲೆ ಏನೇ ಇರಲಿ, ಎದ್ದು ಹೋಗಿ ಮುಟ್ಟಿ ನೋಡಿ ಬರುತ್ತಿದ್ದಳು. ಈಗ ತಾನೇ ನೋಡಿದ್ದೀಯಲ್ಲ ಎಂದರೂ ಮತ್ತೆ ಹೋಗುತ್ತಿದ್ದಳು. ಶಾಲೆಯಲ್ಲಿ ಗಾದೆ ಕಲಿತ ಹೊಸತರಲ್ಲಿ ಒಂದು ದಿನ ನಾನು ಕಿಸಕ್ಕನೆ ನಕ್ಕು, "ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ!" ಎಂದೆ. ಸುಮ್ಮನೆ, ಬಾಯಿಗೆ ಬಂದದ್ದು. ಅಮ್ಮ ಫಟಾರನೆ ಕೆನ್ನೆಗೆ ಹೊಡೆದಳು. ಅವಳು ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಹೊಡೆದು ತಾನೇ ಅಡುಗೆಮನೆಯಲ್ಲಿ ಕೂತು ಅತ್ತಳು. ಗಾದೆಗೆ ಯಾಕೆ ಇಷ್ಟು ಸಿಟ್ಟು ಎಂದು ನನಗೆ ತಿಳಿಯಲಿಲ್ಲ.

ಅಪ್ಪ ಹೋದದ್ದು ಗಣಿ ಕುಸಿದಲ್ಲ. ಎದೆಯಲ್ಲಿ ಕೂತ ಧೂಳು ಅವನನ್ನು ನಿಧಾನವಾಗಿ ತಿಂದಿತು. ಕೊನೆಕೊನೆಗೆ ಒಂದು ಲೋಟ ನೀರು ಕುಡಿಯಲು ಮೂರು ಸಲ ನಿಲ್ಲುತ್ತಿದ್ದ. ಅವನು ತೀರಿಕೊಂಡ ದಿನ ಮಾವ ಬಂದು ಹೊಸ್ತಿಲ ಆಚೆ ನಿಂತ. ಎಷ್ಟೋ ವರ್ಷಗಳ ಮೇಲೆ ತನ್ನದೇ ಮನೆಯ ಬಾಗಿಲಿಗೆ ಬಂದಿದ್ದ, ಒಳಗೆ ಕಾಲಿಡಲಿಲ್ಲ. ಅಮ್ಮ ತಲೆ ಎತ್ತಿ ಅವನನ್ನು ನೋಡಿದಳು. ತುಟಿ ಅಲುಗಿತು. ಈಗ ಮಾತಾಡುತ್ತಾಳೆ ಎಂದುಕೊಂಡೆ. ಅವಳು ನನ್ನ ಮುಖ ನೋಡಿದಳು, ಬಾಯಿ ಮುಚ್ಚಿಕೊಂಡಳು, ಎದ್ದು ಹೋಗಿ ಹಿಂದಿನ ಬಾಗಿಲಿನ ಚಿಲಕ ಮುಟ್ಟಿ ಬಂದಳು. ಅಷ್ಟರಲ್ಲಿ ಮಾವ ಹೊರಟುಹೋಗಿದ್ದ. ಇದೆಂಥ ಕಲ್ಲು ಮನಸ್ಸು ಎಂದು ಅವತ್ತು ಅಮ್ಮನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಗಣಿಯ ಅದಿರು ತೆಳುವಾಗುತ್ತಾ ಬಂತು. ಮೊದಲು ಎರಡನೇ ಪ್ಲಾಟ್‌ಫಾರಂ ನಿಂತಿತು, ಆಮೇಲೆ ಕ್ಯಾಂಟೀನು. ದಿನಾ ಬರುತ್ತಿದ್ದ ರೈಲು ವಾರಕ್ಕೊಂದಾಯಿತು. ದೀಪಗಳೆಲ್ಲ ಕರೆಂಟಿನವಾಗಿ ಮಾವ ನಿವೃತ್ತನಾದ, ಆದರೆ ಯಾರಿಗೂ ಬೇಡವಾಗಿದ್ದ ದೀಪದ ಕೋಣೆಯಲ್ಲೇ ಉಳಿದ. ನಾನು ಕೌಂಟರಿನಲ್ಲಿ ಕೂತು ಕೊಡುತ್ತಿದ್ದದ್ದೆಲ್ಲ ಹೋಗುವ ಟಿಕೆಟ್ಟು, ಬರುವವರು ಯಾರೂ ಇರಲಿಲ್ಲ. ಕ್ಷೌರದವನು ಹೋದ, ಚಹಾದಂಗಡಿಯವನು ಹೋದ. ಕಟುಕ ಹೋಗುವಾಗ ಕೂಡ ಕಿಟಕಿಯಲ್ಲಿ ತಲೆ ತೂರಿಸಿ, "ಆ ಮೇಕೆ ನಂದಲ್ಲಮ್ಮ, ಈಗ್ಲೂ ಹೇಳ್ತೀನಿ," ಎಂದೇ ಹೋದ.

ಇನ್ನು ಸ್ಟೇಷನ್ ಮುಚ್ಚಿದ ದಿನಕ್ಕೆ ಬರುತ್ತೇನೆ. ಸಾಹೇಬರ ಭಾಷಣ ಮುಗಿದು ನಾಲ್ಕು ಜನ ಚಪ್ಪಾಳೆ ತಟ್ಟಿದರು. ಕೊನೆಯ ರೈಲಿನಲ್ಲಿ, ಹಳೇ ಸ್ಟೇಷನ್ನನ್ನು ಇನ್ನೊಮ್ಮೆ ನೋಡಿ ಹೋಗೋಣವೆಂದು ಒಬ್ಬ ಮುದುಕ ಬಂದಿದ್ದ. ಬೀಡಿ ಸೇದಿ ಸೇದಿ ತುಟಿ ಕಪ್ಪಾಗಿತ್ತು. ಒಂದು ಕಾಲದಲ್ಲಿ ಅದಿರಿನ ಗಾಡಿಗಳ ಡ್ರೈವರ್ ಆಗಿದ್ದವನು. ಹೊಗೆ ಡ್ರೈವರ್ ಎಂದರೆ ಹಳಬರಿಗೆಲ್ಲ ಗೊತ್ತು. ಬೆಂಚಿನ ಹತ್ತಿರ ಬಂದು ಮಾವನ ಭುಜ ಹಿಡಿದು ಕೂತ. ಆಮೇಲೆ ಅವನು ನನ್ನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ ನೋಡಿ, ಮಾವನನ್ನು ಕೇಳಿದ:

"ಇವಳೇ ತಾನೇ ನಿನ್ ಮೇಕೆ?"

ಮಾವನ ಕೈಯಿಂದ ಕೋಲು ಬಿತ್ತು.

"ಅಯ್ಯೋ, ಇವಳಿಗೆ ಗೊತ್ತಿಲ್ವಾ?" ಎಂದ ಡ್ರೈವರ್. "ಇಷ್ಟ್ ವರ್ಷ ಆಯ್ತಲ್ಲಪ್ಪಾ, ಹೇಳಿರ್ತೀಯ ಅಂದ್ಕೊಂಡೆ."

ಆಡಿದ ಮಾತು ಹಿಂದೆ ಬರುತ್ತದೆಯೇ. ನಾನು ಬಿಡಲಿಲ್ಲ. ಪೂರ್ತಿ ಹೇಳಿಸಿದೆ. ಅವತ್ತು ಗಾಡಿ ಓಡಿಸುತ್ತಿದ್ದವನು ಅವನೇ. ನಿಂತಿದ್ದ ವ್ಯಾಗನ್ನುಗಳ ಅಡಿಯಿಂದ ನುಸುಳಿ ಬಂದು, ಹಳಿಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ಕಲ್ಲು ಆರಿಸುತ್ತಿದ್ದ ಒಂದು ಮಗು ಕಂಡಿತು. ಬ್ರೇಕು ಹಾಕಿದ, ಗಾಡಿ ನಿಲ್ಲುವ ಹಾಗಿರಲಿಲ್ಲ. ಕುಂಟುಕಾಲಿನವನೊಬ್ಬ ಎಲ್ಲಿಂದಲೋ ಬಂದು ಮಗುವನ್ನು ಕಂಕುಳಲ್ಲಿ ಹಿಡಿದು ಆ ಕಡೆಗೆ ಉರುಳಿದ. ಮಗುವನ್ನು ದೀಪದ ಕೋಣೆಯಲ್ಲಿ ಕೂರಿಸಿ, ಅಳದಿರಲೆಂದು ಕೈಗೆ ಒಂದು ಕೆಂಪು ಗಾಜು ಕೊಟ್ಟ. ಹೊರಗೆ ಬಂದರೆ ಜನ. ಜನದ ನಡುವೆ ಸೇತುವೆಯ ಬುಡದಲ್ಲಿ ತಂಗಿ.

"ಅವಳನ್ನ ಹೊತ್ಕೊಂಡ್ ಹೋದ್ಮೇಲೆ ಇವನು ನಿನ್ನ ಹಿಂದಿನ ಬಾಗಿಲಿಂದ ಒಳಗೆ ಸೇರಿಸಿ, ಹಾಸಿಗೆ ಮೇಲೆ ಮಲಗಿಸಿ ಬಂದ," ಎಂದ ಡ್ರೈವರ್. "ಬಂದು ನನ್ನ ಎರಡೂ ಕೈ ಹಿಡ್ಕೊಂಡ. ಯಾರ್ ಕೇಳಿದ್ರೂ ಮೇಕೆ ಅಂತ ಹೇಳು ಅಂದ. ಚಿಲಕ ಹಾಕದೆ ನಿದ್ದೆ ಹೋಗಿದ್ಲು ನಮ್ ತಂಗಿ, ಅದ್ರಿಂದ್ಲೇ ಇಷ್ಟೆಲ್ಲಾ ಆಯ್ತು ಅಂತ ಗೊತ್ತಾದ್ರೆ ಅವಳು ಬದುಕಲ್ಲ ಅಂದ. ನಾನು ಮೇಕೆ ಅಂದೆ. ಕೊಟ್ಟ ಮಾತು, ಏನ್ ಮಾಡೋದು."

ರೈಲಿಗೆ ಮೂರು ಪೆಟ್ಟು ಬಿತ್ತು. ಡ್ರೈವರ್ ಹತ್ತಿಕೊಂಡು ಹೋದ. ಪ್ಲಾಟ್‌ಫಾರಂ ಖಾಲಿಯಾಯಿತು. ನಾನು ಮಾವನ ಕಾಲ ಬಳಿ ನೆಲದ ಮೇಲೆ ಕೂತಿದ್ದೆ. ಅತ್ತೆ, ಬೈದೆ, ಮತ್ತೆ ಅತ್ತೆ.

"ಊರೆಲ್ಲ ನಿನ್ನ ನೋಡಿ ಮ್ಯಾ ಅಂತಲ್ಲೋ ಮಾವ! ಅಪ್ಪನೂ ಅಂದ, ನಾನೂ ಮನಸ್ಸಲ್ಲಿ ಅಂದ್ಕೊಂಡೆ. ಒಂದ್ ಮಾತು ಹೇಳಿದ್ರೆ ಎಲ್ಲಾ ಸರಿಹೋಗ್ತಿತ್ತು."

"ಏನ್ ಸರಿಹೋಗ್ತಿತ್ತು?" ಎಂದ ಮಾವ. "ಹೋದ ಮಗು ಬರ್ತಿತ್ತಾ? ಅವಳು ನನ್ ಮೇಲೆ ಸಿಟ್ಟಾದ್ರೂ ಮಾಡ್ಕೊಂಡು ಬದುಕಿದ್ಲು ಪುಟ್ಟಿ. ತನ್ ಮೇಲೇ ಸಿಟ್ಟು ಬಂದ್ರೆ ಅದನ್ನ ಎಲ್ಲಿ ಇಡ್ತಿದ್ಲು? ನಿನಗೆ ಗೊತ್ತಾಗಿದ್ರೆ ನೀನೂ ದೊಡ್ಡವಳಾಗ್ತಾ ಆಗ್ತಾ, ನನ್ನಿಂದ ತಮ್ಮ ಹೋದ ಅಂತ ಕೊರಗ್ತಿದ್ದೆ. ನಾನಾದ್ರೆ ಒಂಟಿ ಮನುಷ್ಯ. ಹೊಟ್ಟೆಗೆ ಹಾಕ್ಕೊಂಡೆ, ಆಯ್ತು."

"ಈಗ್ಲಾದ್ರೂ ಹೇಳ್ತೀನಿ. ಇವತ್ತೇ ಹೇಳ್ತೀನಿ."

"ಬೇಡ. ಊರು ಹೋಗು ಅನ್ನೋ, ಕಾಡು ಬಾ ಅನ್ನೋ ವಯಸ್ಸು ನನಗೂ ಅವಳಿಗೂ. ಈಗ ಅವಳ ತಲೆ ಮೇಲೆ ಅದನ್ನ ಹೊರಿಸ್ಬೇಡ. ನನ್ ಮೇಲೆ ಆಣೆ ಇಡು," ಎಂದು ನನ್ನ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡ. ಕೂದಲೇ ಇಲ್ಲದ ತಲೆ, ಬಿಸಿಲಿಗೆ ಕಾದಿತ್ತು. ಇಟ್ಟೆ. ಇಡದೆ ಏನು ಮಾಡಲಿ.

ಆಮೇಲೆ ಮಾವ ಹೆಚ್ಚು ದಿನ ಬದುಕಲಿಲ್ಲ. ರೈಲಿಲ್ಲದ ಸ್ಟೇಷನ್ನಿನಲ್ಲಿ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಕಾಲೆಳೆಯುತ್ತಾ ಪ್ಲಾಟ್‌ಫಾರಂ ಗುಡಿಸುತ್ತಿದ್ದ, ಬರುವವರಿಲ್ಲ ಎಂದು ಗೊತ್ತಿದ್ದೂ. ನಾನು ಡಬ್ಬಿ ಒಯ್ಯುತ್ತಲೇ ಇದ್ದೆ. ಅವನು ಕೇಳುತ್ತಲೇ ಇದ್ದ. "ಏನೂ ಇಲ್ಲ" ಎಂದು ಈಗ ಕಪಾಟಿನ ಗಾಜುಗಳ ಕಡೆ ನೋಡಿಕೊಂಡು ಹೇಳುತ್ತಿದ್ದೆ. ಮನೆಗೆ ಬಂದು ಅಮ್ಮನನ್ನು ದುರುಗುಟ್ಟಿ ನೋಡುತ್ತಿದ್ದೆ. ಆಣೆ ಬಾಯಿಗೆ ಬೀಗ ಹಾಕಿತ್ತು. ಒಂದು ದಿನ ಇಷ್ಟು ಮಾತ್ರ ಅಂದೆ: "ಮಾವ ತುಂಬಾ ಸೊರಗಿದ್ದಾನೆ. ಒಂದ್ಸಲ ಬಂದು ನೋಡು." ಅಮ್ಮ ಡಬ್ಬಿಯ ಮುಚ್ಚಳ ಒತ್ತುತ್ತಿದ್ದವಳು ಒತ್ತುತ್ತಲೇ ಇದ್ದಳು, ಅದು ಆಗಲೇ ಕೂತಿತ್ತು.

ಒಂದು ಮಧ್ಯಾಹ್ನ ನಾನು ಹೋದಾಗ ಮಾವ ಕೈಯ ಮೇಲೆ ತಲೆಯಿಟ್ಟು ಮಗ್ಗುಲಾಗಿ ಮಲಗಿದ್ದ. ಮಸಿ ಒರೆಸುವ ಹಳೇ ಬಟ್ಟೆ ಪಕ್ಕದಲ್ಲಿ ಮಡಚಿಟ್ಟಿತ್ತು. ಕರೆದೆ. ಮುಟ್ಟಿದೆ. ತಣ್ಣಗಿದ್ದ. ಡಬ್ಬಿಯನ್ನು ಅಲ್ಲೇ ಇಟ್ಟು ಮನೆಗೆ ಓಡಿದೆ.

"ಮಾವ ಹೋಗ್ಬಿಟ್ಟ," ಎಂದೆ.

ಅಮ್ಮ ಒಂದು ಕ್ಷಣವೂ ನಿಲ್ಲಲಿಲ್ಲ. ಹಿಂದಿನ ಬಾಗಿಲಿನ ಚಿಲಕ ತೆಗೆದು, ಬಾಗಿಲನ್ನು ಹಾಗೇ ತೆರೆದುಬಿಟ್ಟು ಹಳಿಯ ಮೇಲೆ ಇಳಿದಳು. ಮಂಡಿ ನೋವಿನವಳು, ಸೆರಗು ಎಳೆದುಕೊಂಡು, ತುಕ್ಕು ಹಿಡಿದ ಹಳಿಗಳನ್ನು ಒಂದೊಂದಾಗಿ ದಾಟಿದಳು. ಅಡ್ಡ ನಿಲ್ಲಲು ಈಗ ವ್ಯಾಗನ್ನುಗಳಿರಲಿಲ್ಲ. ಸೇತುವೆ ಹತ್ತಬೇಕಾಗಿರಲಿಲ್ಲ. ಎಷ್ಟು ಹತ್ತಿರ ಇತ್ತು ದೀಪದ ಕೋಣೆ. ನಾನು ಹಿಂದೆ ಹಿಂದೆ ಹೋದೆ.

ಅವಳು ಅವನ ತಲೆಯ ಹತ್ತಿರ ನೆಲದ ಮೇಲೆ ಕೂತಳು. ನಾನು ಹೊಸ್ತಿಲಲ್ಲೇ ನಿಂತೆ. ಅವಳಿಗೆ ನಾನಿದ್ದದ್ದು ಮರೆತೇ ಹೋಗಿತ್ತು.

"ಅಣ್ಣಾ," ಎಂದಳು. "ಚಿಲಕ ನಾನ್ ಹಾಕಿರ್ಲಿಲ್ಲ ಅಣ್ಣಾ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಎಚ್ಚರ ಆದಾಗ ಪಕ್ಕದಲ್ಲಿ ಮಗು ಇರ್ಲಿಲ್ಲ. ಬಾಗ್ಲು ತೆರೆದಿತ್ತು. ಎಲ್ರೂ ಅಂದ್ಕೊಂಡ್ರು ಗಂಡನಿಗೆ ಏನೋ ಆಯ್ತು ಅಂತ ಓಡಿದ್ಲು ಅಂತ. ನಾನ್ ಓಡಿದ್ದು ಪುಟ್ಟಿಗೋಸ್ಕರ. ಆಸ್ಪತ್ರೇಲಿ ಪಕ್ಕದ ಮನೆಯವಳು ಬಂದು, ನಿನ್ ಮಗು ಹಾಸಿಗೆ ಮೇಲೇ ಮಲಗಿದೆ, ಎದ್ದೇ ಇಲ್ಲ ಅಂದ್ಲು. ಅವಾಗ್ಲೇ ಗೊತ್ತಾಯ್ತು ಯಾರು ತಂದ್ ಮಲಗಿಸಿದ್ದು ಅಂತ. ನೀನು ಮೇಕೆ ಅಂದೆ. ನಾನೂ ಮೇಕೆ ಅಂತಲೇ ಇಟ್ಕೊಂಡೆ."

ಅವನ ಮಸಿಯಾದ ಉಗುರುಗಳನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು.

"ನಿನ್ ಜೊತೆ ಒಂದ್ ಮಾತಾಡಿದ್ರೆ ಅದು ಬಾಯಿಗೆ ಬಂದ್ಬಿಡ್ತಿತ್ತು. ಬಂದ್ರೆ ಪುಟ್ಟಿ ಕಿವಿಗೆ ಬೀಳ್ತಿತ್ತು. ಅದಕ್ಕೇ ಆಡ್ಲಿಲ್ಲ. ಸಿಟ್ಟಲ್ಲ ಅಣ್ಣಾ. ಒಂದ್ ದಿನಾನೂ ಸಿಟ್ಟಿರ್ಲಿಲ್ಲ."

ನಾನು ಬಿಕ್ಕಿದ್ದು ಕೇಳಿಸಿರಬೇಕು. ಅಮ್ಮ ತಿರುಗಿ ನೋಡಿದಳು. ನನ್ನ ಮುಖ ನೋಡಿದ ಮೇಲೆ ನನಗೆ ಗೊತ್ತೇ ಎಂದು ಅವಳು ಕೇಳಲಿಲ್ಲ. ನನಗೂ ಅಂದು ಯಾರ ಮೇಲೂ ಸಿಟ್ಟು ಬರಲಿಲ್ಲ. ನನ್ನೊಬ್ಬಳ ಕಿವಿ ಕಾಯಲು ಅಣ್ಣ ತಂಗಿ ಇಬ್ಬರೂ ಒಂದು ಜನ್ಮದ ಮಾತು ಕಳೆದುಕೊಂಡಿದ್ದರು, ಅದೂ ಅವಳಿಗೆ ಎಲ್ಲ ಗೊತ್ತೆಂಬುದು ಅವನಿಗೆ ತಿಳಿಯದಂತೆ. ಊಟದ ಡಬ್ಬಿ ನಾನು ಇಟ್ಟಲ್ಲೇ ಇತ್ತು. ಅಮ್ಮ ಅದನ್ನು ಹತ್ತಿರ ಎಳೆದುಕೊಂಡು ಮುಚ್ಚಳದ ಮೇಲೆ ಕೈಯಿಟ್ಟು ನೋಡಿದಳು. ಇನ್ನೂ ಬೆಚ್ಚಗಿತ್ತು.

"ಮಾವ ಏನಾದ್ರೂ ಹೇಳಿದ್ನಾ?" ಎಂದು ಕೇಳಿದಳು.

"ದಿನಾ ಕೇಳ್ತಿದ್ದ," ಎಂದೆ, "ನೀನು ಏನಾದ್ರೂ ಹೇಳಿದ್ಯಾ ಅಂತ."